ತುಂಬಿದ ದೋಣಿಯ ಗುಣ

ಕಾಸರಗೋಡಿನ ಹೊಳೆಗಳಲ್ಲಿ ನೊರೆನೀರು ಇರುವುದು ಮಳೆಗಾಲದಲ್ಲಿ ಮಾತ್ರ. ಹೊಳೆಯ ಕಡೆ ತಲೆ ಹಾಕಬೇಡಿ ಎಂದು ಮನೆಯ ಹಿರಿಯರು ಗದರುವ ತಿಂಗಳುಗಳೇ ನಮ್ಮಂಥವರು ದೋಣಿ ಇಳಿಸುವ ತಿಂಗಳುಗಳು. ಫೆಬ್ರವರಿಯಲ್ಲಿ ಅಡೂರಿನ ಆಸುಪಾಸು ಪಯಸ್ವಿನಿಯನ್ನು ನೋಡಿದವರಿಗೆ ಇದರಲ್ಲಿ ದೋಣಿ ನಡೆಸುವುದೆಲ್ಲಿ ಎಂದು ನಗು ಬರಬಹುದು. ಬಂಡೆ, ಬಂಡೆಗಳ ನಡುವೆ ನಿಂತ ನೀರಿನ ಕಯ, ಕಯದಲ್ಲಿ ಮೀನು, ಅಷ್ಟೇ. ಅದೇ ಹೊಳೆ ಆಟಿ ತಿಂಗಳಲ್ಲಿ ಎರಡೂ ದಡದ ಬಿದಿರಿನ ಬುಡ ತೊಳೆದುಕೊಂಡು ಹೋಗುತ್ತದೆ. ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಸುರಿಯುವ ಜಿಲ್ಲೆ ಇದು, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಘಟ್ಟದಿಂದ ಕಡಲಿಗೆ ದೂರವೂ ಕಡಿಮೆ. ಇಲ್ಲಿನ ಅತಿ ಉದ್ದದ ಚಂದ್ರಗಿರಿಯೇ 105 ಕಿಲೋಮೀಟರ್. ಮಂಜೇಶ್ವರದ ಹೊಳೆಯಂತೂ 16 ಕಿಲೋಮೀಟರಿಗೇ ಮುಗಿದು ಕೇರಳದ ಅತಿ ಚಿಕ್ಕ ನದಿ ಎನ್ನಿಸಿಕೊಂಡಿದೆ. ಇಂಥ ಹೊಳೆಗಳು ಏರುವುದೂ ಬೇಗ, ಇಳಿಯುವುದೂ ಬೇಗ. ನಮ್ಮ ಅಂಗಳದಲ್ಲಿ ಬಿಸಿಲಿದ್ದರೂ ಸುಳ್ಯದ ಆಚೆ, ಕೊಡಗಿನ ಬೆಟ್ಟಗಳಲ್ಲಿ ಸುರಿದ ಮಳೆ ಕೆಲವು ತಾಸಿನಲ್ಲಿ ಕೆಂಪಾಗಿ ಇಲ್ಲಿಗೆ ಬಂದು ಮುಟ್ಟುತ್ತದೆ.

ಬೆಂಗಳೂರಿನಲ್ಲಿರುವ ತಂಗಿಯ ಮಗನಿಗೆ ಈಗ ದೋಣಿ ಕೊಳ್ಳುವ ಹುಚ್ಚು ಹತ್ತಿದೆ. ಕಯಾಕ್ ಅಲ್ಲ, ಕನೂ. ಕೂತು ಎರಡು ಅಲಗಿನ ಹುಟ್ಟು ಬೀಸುವುದಲ್ಲ, ಮೊಣಕಾಲೂರಿ ಒಂದೇ ಅಲಗಿನ ಹುಟ್ಟು ಹಾಕುವುದು. ಮೇಲೆ ಮುಚ್ಚಿಗೆ ಇಲ್ಲದ, ತೆರೆದ, ಒಬ್ಬನೇ ನಡೆಸುವ, ನೊರೆನೀರಿಗೆಂದೇ ಮಾಡಿದ ಗಿಡ್ಡ ದೋಣಿ. ಒಂದು ಬ್ರಿಟಿಷ್ ಕಂಪನಿಯ ಎರಡು ದೋಣಿಗಳ ಚಿತ್ರ ಕಳಿಸಿ, "ಮಾವ, 9.3 ಅಡಿಯದ್ದು ತೆಗೆದುಕೊಳ್ಳಲೋ, 10.5 ಅಡಿಯದ್ದು ತೆಗೆದುಕೊಳ್ಳಲೋ? ಈಗ ಎಲ್ಲರೂ ಗಿಡ್ಡದ್ದನ್ನೇ ಕೊಳ್ಳುತ್ತಿದ್ದಾರೆ" ಎಂದು ಕೇಳಿದ್ದಾನೆ. ಅವನ ಆ 'ಎಲ್ಲರೂ' ಇಡೀ ದೇಶದಲ್ಲಿ ಒಂದು ಜೀಪಿನಲ್ಲಿ ಹಿಡಿಸುವಷ್ಟು ಮಂದಿ ಇರಬಹುದು. ಆದರೂ ಪ್ರಶ್ನೆ ಒಳ್ಳೆಯದು. ಫೋನಿನಲ್ಲಿ ಹೇಳಿ ಮುಗಿಸುವ ಉತ್ತರ ಇದಕ್ಕಿಲ್ಲದ ಕಾರಣ ಇಲ್ಲಿ ಬರೆಯುತ್ತಿದ್ದೇನೆ.

ನಾನು ಈ ವಿದ್ಯೆ ಕಲಿತದ್ದು ತೆಂಕು ದಿಕ್ಕಿನಲ್ಲಿ, ಕೋಝಿಕ್ಕೋಡ್ ಜಿಲ್ಲೆಯ ಕೋಡಂಚೇರಿಯ ಕಡೆ. ಅಲ್ಲಿನ ಚಾಲಿಪ್ಪುಳ, ಇರುವಞಿಪ್ಪುಳ ಹೊಳೆಗಳಲ್ಲಿ 2013ರಿಂದ ಮಲಬಾರ್ ರಿವರ್ ಫೆಸ್ಟಿವಲ್ ನಡೆಯುತ್ತಿದೆ, ಮಳೆಗಾಲದ ನಡುವಿನಲ್ಲೇ. ಅಲ್ಲಿಗೆ ಬರುವವರೆಲ್ಲ ಬಹುತೇಕ ಕಯಾಕಿನವರು. ನಾನೂ ಮೊದಲು ಕಯಾಕನ್ನೇ ಹಿಡಿದವನು. ಕನೂಗೆ ಹೊರಳಿದ್ದಕ್ಕೆ ಘನವಾದ ಕಾರಣವೇನೂ ಇಲ್ಲ. ಕಾಲು ಚಾಚಿ ಕೂರುವುದಕ್ಕಿಂತ ಮೊಣಕಾಲೂರಿ ಕೂರುವುದು ನನ್ನ ಸೊಂಟಕ್ಕೆ ಹಿತವಾಯಿತು, ಕಣ್ಣು ಒಂದು ಗೇಣು ಹೆಚ್ಚು ಎತ್ತರದಲ್ಲಿ ಇರುವುದರಿಂದ ಮುಂದಿನ ನೀರು ಚೆನ್ನಾಗಿ ಕಂಡಿತು. ಹೊಳೆಯಲ್ಲಿ ಕಾಣುವುದೇ ಅರ್ಧ ಕೆಲಸ. ನನ್ನ ದೋಣಿ ಊರಿಗೆ ಹಿಂದಿರುಗುವ ವಿದೇಶಿಯೊಬ್ಬರು ಮಾರಿಹೋದದ್ದು, ಹತ್ತಿರ ಹತ್ತಿರ 11 ಅಡಿ, ಹಳೆಯ ರಾಯಲೆಕ್ಸಿನದು.

ರಾಯಲೆಕ್ಸ್ ಎಂದರೆ ನಡುವೆ ಬುರುಗು, ಅದರ ಎರಡೂ ಬದಿಗೆ ಎಬಿಎಸ್ ಪ್ಲಾಸ್ಟಿಕ್, ಹೊರಮೈಗೆ ವಿನೈಲ್ ಇರುವ ಹಾಳೆ. ಬಂಡೆಗೆ ಬಡಿದು ತಗ್ಗಿದರೂ ಬಿಸಿಲಿಗೆ ಇಟ್ಟರೆ ಎಷ್ಟೋ ಮಟ್ಟಿಗೆ ತಾನೇ ಉಬ್ಬಿಕೊಳ್ಳುತ್ತದೆ. ನೊರೆನೀರಿನ ಕನೂಗಳು ಹಲವು ದಶಕ ಅದರಲ್ಲೇ ಆದವು. 16 ಅಡಿಯ ಜೋಡಿ ದೋಣಿಗಳಿಂದ 13 ಅಡಿಗೆ, ಅಲ್ಲಿಂದ 11 ಅಡಿಗೆ ಇಳಿದವು. ಟೆನ್ನೆಸಿಯ ಓಕೋಯೀ ನದಿಯ ಹೆಸರನ್ನೇ ಹೊತ್ತ ಡ್ಯಾಗರ್ ಕಂಪನಿಯ ದೋಣಿ ಆ ಕಾಲದ್ದು, ಈಗಲೂ ಹಳಬರು ಅದನ್ನು ಬಿಟ್ಟುಕೊಡುವುದಿಲ್ಲ. 2014ರಲ್ಲಿ ರಾಯಲೆಕ್ಸ್ ತಯಾರಿಕೆಯೇ ನಿಂತುಹೋಯಿತು. ಕ್ವಿಬೆಕ್‌ನ ಎಸ್ಕಿಫ್ ಕಂಪನಿ ಟಿ-ಫಾರ್ಮೆಕ್ಸ್ ಎಂಬ ಬದಲಿಯನ್ನು ಮಾಡಿಕೊಂಡಿತು. ಗಿಡ್ಡ ದೋಣಿಗಳ ಬಹುಪಾಲು ಮಾತ್ರ ಕಯಾಕಿನ ಹಾಗೆ ಪಾಲಿಥಿಲೀನ್‌ಗೆ ಬಂದು ನಿಂತಿತು. ತಿರುಗುವ ಅಚ್ಚಿನಲ್ಲಿ ಕರಗಿಸಿ ಮಾಡುವ ಈ ಪ್ಲಾಸ್ಟಿಕ್ ಭಾರ, ಆದರೆ ಒರಟು. ನಮ್ಮ ಮುರಕಲ್ಲಿಗೆ ಒರಟೇ ಬೇಕು. ಮುರಕಲ್ಲಿನ ದಡಕ್ಕೆ ದೋಣಿಯನ್ನು ಎಳೆದವರಿಗೆ ಗೊತ್ತು, ಅದು ಅರದ ಕೆಲಸ ಮಾಡುತ್ತದೆ.

ಅಳಿಯ ಒಮ್ಮೆ ಒಲಿಂಪಿಕ್ಸ್ ದೋಣಿಗಳ ಚಿತ್ರವನ್ನೂ ಕಳಿಸಿದ್ದ. ಕನೂ ಸ್ಲಾಲಂ 1972ರಲ್ಲಿ ಆಗ್ಸ್‌ಬರ್ಗ್‌ನ ಕಾಲುವೆಯಲ್ಲಿ ಒಮ್ಮೆ ಒಲಿಂಪಿಕ್ಸ್‌ಗೆ ಬಂದು, ಮತ್ತೆ 1992ರಿಂದ ಬಿಡದೆ ನಡೆಯುತ್ತಿದೆ. ನಮ್ಮಲ್ಲೂ ನರ್ಮದೆಯ ದಡದ ಮಹೇಶ್ವರದಲ್ಲಿ ಅದರ ಸ್ಪರ್ಧೆಗಳು ನಡೆದಿವೆ. ನೋಡಲು ಚಂದ. ಆದರೆ ಅವು ಮುಚ್ಚಿಗೆಯಿರುವ, ಮೂರೂವರೆ ಮೀಟರಿನ, ಎರಡು ಬೆರಳಲ್ಲಿ ಎತ್ತಬಹುದೇನೋ ಎನ್ನಿಸುವಷ್ಟು ಹಗುರ ದೋಣಿಗಳು. ಗೇಟುಗಳ ನಡುವೆ ಸೆಕೆಂಡಿನ ಲೆಕ್ಕದಲ್ಲಿ ತಿರುಗಲು ಮಾಡಿದವು. ಶಿರಿಯಾ ಹೊಳೆಯ ಬಂಡೆಗೆ ಅವನ್ನು ತೋರಿಸುವುದೂ ಬೇಡ.

ಈಗ ಅವನ ಪ್ರಶ್ನೆಗೆ ಬರುತ್ತೇನೆ. ದೋಣಿ ಮಾರುವವರು, ದೋಣಿಯನ್ನು ಹೊಗಳುವವರು ಎಲ್ಲರೂ ಮಾತನಾಡುವುದು ಖಾಲಿ ದೋಣಿಯ ಬಗ್ಗೆ. ಎಷ್ಟು ಬೇಗ ತಿರುಗುತ್ತದೆ, ಎಷ್ಟು ಹಗುರ, ಅಂಚಿನ ಮೇಲೆ ಹೇಗೆ ನಿಲ್ಲುತ್ತದೆ ಎಂದು. ತೆರೆದ ದೋಣಿ ನೊರೆನೀರಿನಲ್ಲಿ ಖಾಲಿ ಇರುವುದು ಹೊರಟ ಮೊದಲ ಐವತ್ತು ಮೀಟರು. ಆಮೇಲೆ ಒಳಗೆ ನೀರು ಇದ್ದೇ ಇರುತ್ತದೆ. ನೂರು ಲೀಟರು ಒಳಗೆ ಬಂದರೆ ನೂರು ಕಿಲೋ ಹೊಸ ಭಾರ, ಅದೂ ಒಂದೆಡೆ ನಿಲ್ಲದ ಭಾರ. ದೋಣಿ ಎಡಕ್ಕೆ ವಾಲಿದರೆ ಆ ನೂರು ಕಿಲೋವೂ ಎಡಕ್ಕೇ ಹರಿದು ವಾಲಿಕೆಯನ್ನು ಹೆಚ್ಚಿಸುತ್ತದೆ. ಮುಂದಕ್ಕೆ ಓಡುತ್ತಿರುವಾಗ ನಿಲ್ಲಿಸಲು ಹೋದರೆ ಒಳಗಿನ ನೀರು ಮೂತಿಗೆ ನುಗ್ಗಿ ಇನ್ನೂ ಮುಂದಕ್ಕೆ ತಳ್ಳುತ್ತದೆ. ಖಾಲಿಯಿದ್ದಾಗ ಹೇಳಿದ ಮಾತು ಕೇಳುತ್ತಿದ್ದ ದೋಣಿ ತುಂಬಿದಾಗ ಹಟ ಹಿಡಿದ ಎಮ್ಮೆಯಾಗುತ್ತದೆ. ಹಾಗಾಗಿ ದೋಣಿಯನ್ನು ಆರಿಸಬೇಕಾದದ್ದು ಅದು ತುಂಬಿದಾಗ ಹೇಗಿರುತ್ತದೆ ಎಂಬುದನ್ನು ನೋಡಿ. ನನ್ನ ಮಟ್ಟಿಗೆ ಉಳಿದ ಗುಣಗಳೆಲ್ಲ ಇದರ ನಂತರ.

ಈ ಒಂದು ಮಾನದಂಡವನ್ನು ಹಿಡಿದರೆ ಉದ್ದದ ಲೆಕ್ಕವೇ ಬೇರೆಯಾಗುತ್ತದೆ, ಅದೂ ಒಂದೇ ದಿಕ್ಕಿಗೆ ಅಲ್ಲ. ಗಿಡ್ಡ ದೋಣಿಯ ಪರವಾಗಿ ಹೇಳುವುದಾದರೆ, ಅದರಲ್ಲಿ ನೀರಿಗೆ ಜಾಗ ಕಡಿಮೆ. ಹಿಂದೆ ಮುಂದೆ ಗಾಳಿಚೀಲ ತುರುಕಿದರೆ ಉಳಿಯುವುದು ನಡೆಸುವವನ ಮೊಣಕಾಲಿನ ಸುತ್ತಿನ ಜಾಗ ಮಾತ್ರ. ಅಲೆಗಳ ಸಾಲಿನಲ್ಲಿ ಅದು ಎರಡು ಅಲೆಗಳ ನಡುವಿನ ತಗ್ಗಿಗೆ ಸರಿಯಾಗಿ ಹಿಡಿಸುತ್ತದೆ, ಏರಿ ಇಳಿಯುತ್ತದೆ. ಉದ್ದದ್ದು ಒಂದು ಅಲೆಯ ಬೆನ್ನಿನಿಂದ ಮುಂದಿನ ಅಲೆಯ ಹೊಟ್ಟೆಗೆ ಮೂತಿ ತೂರಿಸಿ, ಸೀಳಿದ ನೀರನ್ನೆಲ್ಲ ಒಳಗೆ ತರುತ್ತದೆ. ಇಲ್ಲಿಯವರೆಗೆ ಅಳಿಯನ ಮಾತೇ ಸರಿ.

ಆದರೆ ಗಿಡ್ಡ ದೋಣಿಗೆ ಓಟವಿಲ್ಲ. ನೀರಿನ ಮೇಲೆ ತೇಲುವ ದೋಣಿಯ ಸಹಜ ವೇಗದ ಮಿತಿ ನೀರಿಗೆ ತಾಗುವ ಉದ್ದದ ವರ್ಗಮೂಲಕ್ಕೆ ತಕ್ಕಂತೆ ಏರುತ್ತದೆ. 16 ಅಡಿಗೆ ಗಂಟೆಗೆ ಹತ್ತಿರ ಹತ್ತಿರ 10 ಕಿಲೋಮೀಟರ್ ಸಿಕ್ಕರೆ 9 ಅಡಿಗೆ 7.5ರ ಒಳಗೆ. 9.3ಕ್ಕೂ 10.5ಕ್ಕೂ ನಡುವೆ ಕಾಗದದ ಮೇಲೆ ಬರಿಯ ಅರ್ಧ ಕಿಲೋಮೀಟರಿನ ವ್ಯತ್ಯಾಸ. ನೋಡಲು ಏನೂ ಅಲ್ಲ. ಹೊಳೆಯಲ್ಲಿ ಅದು ಏನೂ ಅಲ್ಲದ್ದಲ್ಲ, ಏಕೆಂದರೆ ಗಿಡ್ಡ ದೋಣಿಗಳ ತಳ ಬಾಳೆಕಾಯಿಯಷ್ಟು ಬಾಗಿರುತ್ತದೆ. ಎರಡೂ ತುದಿ ಮೇಲಕ್ಕೆದ್ದು ನೀರಿಗೆ ತಾಗುವ ಉದ್ದ ಹೆಸರಿಗೆ ಹೇಳಿದ್ದಕ್ಕಿಂತ ಇನ್ನೂ ಕಡಿಮೆಯಾಗುತ್ತದೆ. ಧುಮುಕಿದ ನೀರು ತನ್ನ ಮೇಲೆಯೇ ಮಗುಚಿ ಹಿಂದಕ್ಕೆ ಉರುಳುವ ಜಾಗಗಳಿರುತ್ತವಲ್ಲ, ಅಲ್ಲಿಗೆ ಓಟವಿಲ್ಲದೆ ಬಂದ ದೋಣಿ ಅದರ ಆಚೆ ಹೋಗದೆ ಅಲ್ಲೇ ನಿಲ್ಲುತ್ತದೆ. ನಿಂತ ದೋಣಿ ತುಂಬುತ್ತದೆ. ತುಂಬಿದ ದೋಣಿಗೆ ಇದ್ದ ಓಟವೂ ಹೋಗುತ್ತದೆ. ಬೇಗ ತಿರುಗುತ್ತದೆ ಎಂದು ಹಣ ಕೊಟ್ಟ ದೋಣಿ ಆಗ ತಿರುಗುವುದು ತನ್ನ ಇಷ್ಟಕ್ಕೆ.

ನಮ್ಮ ಹೊಳೆಗಳ ಜಾತಕವನ್ನೂ ಇಲ್ಲಿ ನೋಡಬೇಕು. ಕೋಡಂಚೇರಿಯ ಕಡೆ ಹೊಳೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತದೆ, ನೊರೆಯ ಹಿಂದೆ ನೊರೆ. ಅಲ್ಲಿ 9 ಅಡಿಯ ದೋಣಿ ಬಂಡೆಯ ಹಿಂದೆ ನೀರು ಶಾಂತವಾಗಿರುವ ಒಂದು ಮರೆಯಿಂದ ಇನ್ನೊಂದು ಮರೆಗೆ ಹಾರುವುದನ್ನು ನೋಡಿದರೆ ಯಾರಿಗೂ ಆಸೆಯಾಗಬೇಕು, ನನಗೂ ಆಗಿದೆ. ಪಯಸ್ವಿನಿ ಸುಳ್ಯ ದಾಟಿ ನಮ್ಮ ಜಿಲ್ಲೆಗೆ ಬರುವ ಹೊತ್ತಿಗೆ ಆ ಸ್ವಭಾವ ಕಳೆದುಕೊಂಡಿರುತ್ತದೆ. ಬಂಡೆಗಳ ಒಂದು ಇಳಿಜಾರು, ಆಮೇಲೆ ಉದ್ದಕ್ಕೂ ಮೌನವಾಗಿ ಎಳೆಯುವ ನೀರು, ಮತ್ತೆ ಎಲ್ಲೋ ಒಂದು ಇಳಿಜಾರು. ಶಿರಿಯಾ ಹೊಳೆಯೂ ಅಂಗಡಿಮೊಗರಿನ ಕಡೆ ಹಾಗೆಯೇ. ನೂರು ಮೀಟರಿನ ಉತ್ಸಾಹಕ್ಕೆ ಒಂದು ಕಿಲೋಮೀಟರಿನ ಹುಟ್ಟು ಹಾಕಬೇಕು. ಒಂಬತ್ತು ಅಡಿಯ ದೋಣಿಯನ್ನು ಸಪಾಟು ನೀರಿನಲ್ಲಿ ನೇರ ನಡೆಸುವುದು ಎಂದರೆ ಪ್ರತಿ ಹುಟ್ಟಿಗೂ ಒಂದು ಪ್ರಾಯಶ್ಚಿತ್ತ. ಒಂದೇ ಬದಿಗೆ ಹುಟ್ಟು ಹಾಕುವುದರಿಂದ ಮೂತಿ ಆಚೆ ಓಡುತ್ತದೆ, ಅದನ್ನು ಹುಟ್ಟಿನ ಕೊನೆಯಲ್ಲಿ ಅಲಗು ಹೊರಳಿಸಿ ಮರಳಿ ತರಬೇಕು. ಹುಟ್ಟಿನ ಅರ್ಧ ಬಲ ಹಾಗೇ ಹೋಗುತ್ತದೆ. ಜೂನ್ ಜುಲೈಯಲ್ಲಿ ಎದುರಿನಿಂದ ಗಾಳಿ ಬೀಸಿದರಂತೂ ಕೇಳುವುದೇ ಬೇಡ.

ಕಡವಿನ ಕಾಕನಿಗೆ ಇದನ್ನೆಲ್ಲ ವಿವರಿಸಬೇಕಾಗಲೇ ಇಲ್ಲ. ಸೇತುವೆ ಆಗುವ ಮೊದಲು ದಶಕಗಟ್ಟಲೆ ಜನರನ್ನು ಹೊಳೆ ದಾಟಿಸಿದವರು ಅವರು, ಈಗ ದೋಣಿ ಕವುಚಿಹಾಕಿ ಮೊಮ್ಮಕ್ಕಳನ್ನು ನೋಡಿಕೊಂಡಿದ್ದಾರೆ. ನನ್ನ ದೋಣಿಯನ್ನು ಮೊದಲ ಸಲ ದಡಕ್ಕೆ ತಂದಾಗ ಸುತ್ತ ಒಂದು ಪ್ರದಕ್ಷಿಣೆ ಬಂದು, ಗಾಳಿಚೀಲಗಳನ್ನು ಬೆರಳಿನಲ್ಲಿ ತಟ್ಟಿ, "ಒಳ್ಳೆಯದಾಯಿತು ಭಟ್ಟರೇ, ಹೊಳೆಗೆ ಕೂರಲು ಜಾಗ ಇಟ್ಟಿಲ್ಲ" ಎಂದರು. ಆಮೇಲೆ ನನ್ನ ಪೀಠವನ್ನು ನೋಡಿ, ಅದು ಹಿಂದಾಯಿತು ಎಂದರು. ತಾವು ಒಬ್ಬರೇ ಹಿಂದೆ ನಿಂತು ನೆರೆಯಲ್ಲಿ ಖಾಲಿ ದೋಣಿ ತರುವಾಗ ಮುಂದಕ್ಕೆ ಒಂದು ಹೊಯಿಗೆ ಚೀಲ ಇಡುತ್ತಿದ್ದರಂತೆ, ಇಲ್ಲದಿದ್ದರೆ ಮೂತಿ ಮೇಲಕ್ಕೆದ್ದು ಗಾಳಿಗೆ ಸಿಕ್ಕುತ್ತಿತ್ತಂತೆ. ಅವರು ಹೇಳಿದ್ದು ಗಿಡ್ಡ ದೋಣಿಗೆ ಇನ್ನೂ ಹೆಚ್ಚು ಸಲ್ಲುತ್ತದೆ. ಹದಿನಾರು ಅಡಿಯ ದೋಣಿಯಲ್ಲಿ ನಾಲ್ಕು ಅಂಗುಲ ಹಿಂದೆ ಮುಂದೆ ಕೂತರೆ ನಡೆದೀತು. ಒಂಬತ್ತು ಅಡಿಯದರಲ್ಲಿ ಒಂದು ಅಂಗುಲಕ್ಕೇ ದೋಣಿಯ ಸ್ವಭಾವ ಬದಲಾಗುತ್ತದೆ. ಹಿಂದೆ ಕೂತರೆ ಹಿಂತುದಿಯನ್ನು ಸೆಳವು ಹಿಡಿದೆಳೆಯುತ್ತದೆ, ಮುಂದೆ ಕೂತರೆ ಪ್ರತಿ ಅಲೆಯೂ ಮಡಿಲಿಗೆ.

ಹಾಗೆಯೇ ನಡೆಸುವವನ ತೂಕ. ಇದನ್ನು ಹೇಳಿದರೆ ಅಳಿಯನಿಗೆ ಸಿಟ್ಟು ಬರಬಹುದು, ಬರಲಿ. ಬೆಂಗಳೂರಿನ ಕುರ್ಚಿ ಅವನಿಗೆ ಒಗ್ಗಿದೆ. ಅರುವತ್ತು ಕಿಲೋದವನಿಗೆ ಒಣಗಿರುವ ದೋಣಿ ತೊಂಬತ್ತು ಕಿಲೋದವನಿಗೆ ಒದ್ದೆ ದೋಣಿ. ಭಾರ ಹೆಚ್ಚಿದಷ್ಟೂ ಮೇಲಂಚು ನೀರಿಗೆ ಹತ್ತಿರವಾಗುತ್ತದೆ, ತಳದ ಅಂಚು ಆಳಕ್ಕಿಳಿಯುತ್ತದೆ. ತಳದ ಅಂಚು ಚೂಪಾಗಿರುವ ದೋಣಿಗಳು ಓರೆ ಮಾಡಿದಾಗ ನೀರನ್ನು ಕಚ್ಚಿ ಹಳಿಯ ಮೇಲೆ ಓಡಿದ ಹಾಗೆ ಬಳಸಿ ಹೋಗುತ್ತವೆ, ಬಹಳ ಸುಖ. ಅದೇ ಅಂಚು ಅಡ್ಡ ಬರುವ ಸೆಳವಿಗೆ ಸಿಕ್ಕಿದರೆ ಎಡವಿಸಿ ಬೀಳಿಸುತ್ತದೆ. ಆಳಕ್ಕಿಳಿದ ಅಂಚು ಇನ್ನೂ ಬೇಗ ಎಡವುತ್ತದೆ. ಗುಂಡು ಅಂಚಿನ ದೋಣಿ ಅಷ್ಟು ಚುರುಕಲ್ಲ, ಆದರೆ ತಪ್ಪನ್ನು ಕ್ಷಮಿಸುತ್ತದೆ. ಕೆಂಪು ನೀರಿನಲ್ಲಿ, ಬಂಡೆ ಎಲ್ಲಿದೆ ಎಂದು ಕಾಣದ ಹೊಳೆಯಲ್ಲಿ, ನನಗೆ ಕ್ಷಮಿಸುವ ದೋಣಿಯೇ ಇಷ್ಟ.

ಒಳಗಿನ ಕಟ್ಟುಪಾಡಿನ ಬಗ್ಗೆ ಯಾರೂ ಕೇಳುವುದಿಲ್ಲ, ಅಳಿಯನೂ ಕೇಳಲಿಲ್ಲ. ದೋಣಿಗಿಂತ ಹೆಚ್ಚು ಯೋಚಿಸಬೇಕಾದದ್ದು ಅದು. ನಡುವೆ ಬುರುಗಿನ ಪೀಠ, ಅದರ ಎರಡು ಬದಿಗೆ ಮೊಣಕಾಲು, ತೊಡೆಯ ಮೇಲೆ ಹಾದುಹೋಗುವ ಪಟ್ಟಿ, ಹಿಂದೆ ಕಾಲ್ಬೆರಳಿಗೆ ಆನಿಕೆ. ಪಟ್ಟಿ ಸಡಿಲವಿದ್ದರೆ ದೋಣಿ ಒಂದು ಕಡೆ, ಮೈ ಒಂದು ಕಡೆ. ಬಿಗಿಯಿದ್ದರೆ ದೋಣಿಯನ್ನು ಸೊಂಟದಿಂದಲೇ ಓರೆ ಮಾಡಬಹುದು, ಮಗುಚಿದರೆ ಮತ್ತೆ ಎಬ್ಬಿಸಲೂಬಹುದು. ಆದರೆ ತಲೆಕೆಳಗಾಗಿರುವಾಗ ಒಂದೇ ಎಳೆತಕ್ಕೆ ಬಿಚ್ಚಿಕೊಳ್ಳದ ಪಟ್ಟಿ ದೋಣಿಯಲ್ಲಿ ಇರಲೇಬಾರದು. ಕಾಲು ಜೋಮು ಹಿಡಿದಾಗಲೂ ಹೊರಬರಲು ಆಗುತ್ತದೆಯೇ ಎಂದು ಸಪಾಟು ನೀರಿನಲ್ಲಿ, ಪಕ್ಕದಲ್ಲಿ ಒಬ್ಬರನ್ನು ನಿಲ್ಲಿಸಿಕೊಂಡು, ಬೇಸರ ಬರುವಷ್ಟು ಸಲ ನೋಡಬೇಕು. ಅರ್ಧ ಗಂಟೆ ಮೊಣಕಾಲೂರಿ ಕೂತರೆ ಜೋಮು ಹಿಡಿಯದ ಕಾಲನ್ನು ನಾನು ಇನ್ನೂ ಕಂಡಿಲ್ಲ.

ಗಾಳಿಚೀಲಗಳಿಗೆ ಹಗ್ಗದ ಜಾಲ ಬಿಗಿಯಾಗಿರಬೇಕು. ಇಲ್ಲದಿದ್ದರೆ ನೀರು ಚೀಲದ ಅಡಿಗೆ ನುಗ್ಗಿ ಅದನ್ನೇ ಮೇಲಕ್ಕೆ ಎತ್ತಿಬಿಡುತ್ತದೆ, ಚೀಲ ಇದ್ದೂ ಇಲ್ಲದ ಹಾಗೆ. ಬಿಸಿಲಿಗೆ ದೋಣಿ ಇಟ್ಟರೆ ಒಳಗಿನ ಗಾಳಿ ಹಿಗ್ಗಿ ಹೊಲಿಗೆ ಬಿಚ್ಚುತ್ತದೆ, ಆದ್ದರಿಂದ ದಡದಲ್ಲಿ ಸ್ವಲ್ಪ ಗಾಳಿ ಬಿಡಬೇಕು. ಹೊಳೆಯ ತಂಪಿಗೆ ಅದೇ ಚೀಲ ಕುಗ್ಗುತ್ತದೆ, ಆಗ ಮತ್ತೆ ಊದಬೇಕು. ಈಗಿನವರು ಬ್ಯಾಟರಿಯ ಸಣ್ಣ ಪಂಪ್ ಕೂರಿಸಿಕೊಳ್ಳುತ್ತಾರೆ, ಗುಂಡಿ ಒತ್ತಿದರೆ ಹುಟ್ಟು ಬಿಡದೆಯೇ ನೀರು ಹೊರಗೆ ಹೋಗುತ್ತದೆ. ಒಳ್ಳೆಯ ಉಪಾಯವೇ. ನಮ್ಮ ಮಳೆಗಾಲದಲ್ಲಿ ವಿದ್ಯುತ್ತಿನದು ಎಂದು ಹೆಸರಿದ್ದ ಯಾವುದೂ ಬೇಕಾದಾಗ ಕೆಲಸ ಮಾಡುವುದಿಲ್ಲ ಎಂಬ ನನ್ನ ನಂಬಿಕೆಯಿಂದ ಎಣ್ಣೆಯ ಕ್ಯಾನ್ ಓರೆಯಾಗಿ ಕೊಯ್ದು ಮಾಡಿದ ಮೊಗೆಯನ್ನೇ ನಾನು ಕಟ್ಟಿಕೊಂಡಿದ್ದೇನೆ. ಅಳಿಯ ಪಂಪ್ ಹಾಕಿಸಿಕೊಳ್ಳಲಿ, ಮೊಗೆಯೂ ಇರಲಿ.

ಯಾವ ಉದ್ದದ ದೋಣಿಯೂ ಉತ್ತರವಲ್ಲದ ಎರಡು ಸಂಗತಿಗಳು ನಮ್ಮ ಹೊಳೆಗಳಲ್ಲಿವೆ. ದೂರದ ದೇಶದವರು ಬರೆದ ಸಲಹೆಗಳಲ್ಲಿ ಇವುಗಳ ಈ ರೂಪ ಸಿಗುವುದಿಲ್ಲ.

ಒಂದು, ಕಿಂಡಿ ಅಣೆಕಟ್ಟು. ನಮ್ಮ ಹಿರಿಯರ ಕಟ್ಟಗಳು ಮಣ್ಣಿನವು, ಕಲ್ಲಿನವು. ಏತಡ್ಕದ ಕಟ್ಟಗಳ ಹೆಸರನ್ನು ಕೇಳದ ಅಡಕೆ ಬೆಳೆಗಾರ ಈ ಭಾಗದಲ್ಲಿಲ್ಲ. ಮಳೆ ನಿಂತ ಮೇಲೆ ಕಟ್ಟುವುದು, ಮುಂದಿನ ಮಳೆಗೆ ಅದು ಕೊಚ್ಚಿಹೋಗುವುದು. ಪ್ರತಿ ವರ್ಷದ ದುಡಿಮೆ ಅದು, ಆದರೆ ನೆರೆಯ ಕಾಲದಲ್ಲಿ ಹೊಳೆಯಲ್ಲಿ ಏನೂ ಉಳಿಯುತ್ತಿರಲಿಲ್ಲ. ಕಾಂಕ್ರೀಟಿನ ಕಿಂಡಿ ಅಣೆಕಟ್ಟಿನ ಹಲಗೆಗಳನ್ನು ಮಳೆಗೆ ಮುಂಚೆ ತೆಗೆದರೂ ಕಂಬಗಳು ಅಲ್ಲೇ ನಿಂತಿರುತ್ತವೆ. ಇಡೀ ಹೊಳೆ ಆ ಕಿಂಡಿಗಳಿಗೆ ನುಗ್ಗುತ್ತದೆ. ಅಡ್ಡ ತಿರುಗಿದ ದೋಣಿ ಎರಡು ಕಂಬಗಳಿಗೆ ಸಿಕ್ಕಿಕೊಂಡರೆ ನೀರು ಅದನ್ನು ಮಡಚಿಹಾಕುತ್ತದೆ. ನೀರಿನ ವೇಗ ಎರಡರಷ್ಟಾದರೆ ಅದರ ತಳ್ಳುವ ಬಲ ನಾಲ್ಕರಷ್ಟಾಗುತ್ತದೆ, ಮನುಷ್ಯನ ತೋಳಿನದು ಅಷ್ಟೇ ಇರುತ್ತದೆ. ಕಿಂಡಿಯಲ್ಲಿ ತೇಲಿಬಂದ ಮರವೋ ಅಡಕೆಯ ಕಾಂಡವೋ ಸಿಕ್ಕಿಕೊಂಡಿದ್ದರೆ ದಡದಿಂದ ಕಾಣುವುದೂ ಇಲ್ಲ. ಕೆಳಗಿನ ಕಾಂಕ್ರೀಟ್ ಹಾಸಿನಿಂದ ಧುಮುಕುವ ನೀರು ಹೊಳೆಯ ಅಗಲಕ್ಕೂ ಒಂದೇ ಸಮನಾಗಿ ಹಿಂದಕ್ಕೆ ಉರುಳುತ್ತಿದ್ದರೆ ಅದರೊಳಗೆ ಬಿದ್ದವನು ಪಕ್ಕಕ್ಕೆ ಸರಿದು ಪಾರಾಗಲು ದಾರಿಯೇ ಇಲ್ಲ. ಬಂಡೆಯ ಹಿಂದಿನ ಉರುಳುನೀರಿಗೆ ಎಲ್ಲೋ ಒಂದು ಸಡಿಲ ಬದಿ ಇರುತ್ತದೆ, ಎಂಜಿನಿಯರ್ ಮಟ್ಟ ಹಿಡಿದು ಮಾಡಿದ್ದಕ್ಕೆ ಇರುವುದಿಲ್ಲ. ಕಿಂಡಿ ಅಣೆಕಟ್ಟು ಬಂತೆಂದರೆ ದೋಣಿ ಹೊತ್ತು ದಡದಲ್ಲಿ ನಡೆಯಬೇಕು. ಎಷ್ಟು ಸಣ್ಣದಾದರೂ ಸರಿ, ಯಾರು ಏನೇ ಹೇಳಲಿ. ಯಾವ ಹೊಳೆಯಲ್ಲಿ ಎಲ್ಲೆಲ್ಲಿ ಇವು ಇವೆ ಎಂದು ಬೇಸಿಗೆಯಲ್ಲೇ ದಡ ಹಿಡಿದು ನಡೆದು ನೋಡಿಕೊಂಡಿರಬೇಕು.

ಇನ್ನೊಂದು, ಬಿದಿರು. ದಡ ಕೊರೆದಾಗ ಬಿದಿರಿನ ಮೆಳೆ ಹಾಗೇ ಹೊಳೆಗೆ ಬಾಗುತ್ತದೆ. ನೀರು ಅದರ ನಡುವೆ ಸರಾಗವಾಗಿ ಹೋಗುತ್ತದೆ, ಮನುಷ್ಯ ಹೋಗುವುದಿಲ್ಲ. ತೋಡುಗಳಲ್ಲಿ ಇದರ ಜೊತೆಗೆ ಅಡಕೆ ಮರದ ಸಂಕಗಳು, ಅಂದರೆ ಕಾಲುಸೇತುವೆಗಳು, ಬೇರೆ, ನೆರೆ ಬಂದಾಗ ಸರಿಯಾಗಿ ಎದೆಯ ಮಟ್ಟಕ್ಕೆ. ತೋಡಿನಲ್ಲಿ ಗಿಡ್ಡ ದೋಣಿಗೆ ಸಾಟಿಯಿಲ್ಲ ಎಂದು ಅಳಿಯ ಹೇಳುತ್ತಾನೆ. ಸಾಟಿಯಿಲ್ಲ ನಿಜ, ಹತ್ತು ಅಡಿ ಅಗಲದ ತೋಡಿನಲ್ಲಿ ಹನ್ನೊಂದು ಅಡಿಯ ದೋಣಿಯನ್ನು ತಿರುಗಿಸಲು ಹೋಗಿ ನೋಡಿದರೆ ತಿಳಿಯುತ್ತದೆ. ಆದರೆ ನಮ್ಮ ತೋಡುಗಳಲ್ಲಿ ನಿಲ್ಲಲು ಬೇಕಾದ ಮರೆಯೇ ಇರುವುದಿಲ್ಲ, ಎರಡೂ ಬದಿಗೆ ತೋಟದ ಕಟ್ಟೆ. ನಿಲ್ಲಲಾಗದ ನೀರಿನಲ್ಲಿ ತಿರುಗುವ ಜಾಣತನ ಯಾವ ಉಪಯೋಗಕ್ಕೆ? ಸಂಕ ಕಂಡ ಕ್ಷಣಕ್ಕೂ ಸಂಕ ತಲೆಗೆ ತಾಗುವ ಕ್ಷಣಕ್ಕೂ ನಡುವೆ ಹೆಚ್ಚು ಹೊತ್ತಿರುವುದಿಲ್ಲ. ಅದೂ ಅಲ್ಲದೆ ಅದು ಇನ್ನೊಬ್ಬರ ತೋಟದ ನಡುವಿನ ನೀರು, ಇಲಿಜ್ವರದ ಕಾಲ. ಕಾಲಲ್ಲಿ ಗಾಯ ಇಟ್ಟುಕೊಂಡು ಆ ನೀರಿಗಿಳಿಯುವುದು ದೋಣಿಯಿದ್ದರೂ ಇಲ್ಲದಿದ್ದರೂ ಬುದ್ಧಿವಂತಿಕೆಯಲ್ಲ. ನಾನು ತೋಡಿಗಿಳಿಯುವುದನ್ನು ಬಿಟ್ಟಿದ್ದೇನೆ, ಅವನನ್ನೂ ಇಳಿಯಲು ಬಿಡುವುದಿಲ್ಲ.

ಹೊಳೆಗಾದರೂ ನೆರೆಯ ದಿನಗಳಲ್ಲಿ ಅಲ್ಲ. ಹವಾಮಾನ ಇಲಾಖೆ ರೆಡ್ ಅಲರ್ಟ್ ಕೊಟ್ಟ ದಿನ ದೋಣಿ ಕೊಟ್ಟಿಗೆಯಲ್ಲಿಯೇ ಇರುತ್ತದೆ. ನಮ್ಮ ಚಪಲಕ್ಕೆ ಅಗ್ನಿಶಾಮಕ ದಳದ ಹುಡುಗರು ಹಗ್ಗ ಹಿಡಿದು ನೀರಿಗಿಳಿಯಬೇಕಾಗಿ ಬರಬಾರದು, ಆ ದಿನಗಳಲ್ಲಿ ಮಧೂರು ದೇವಸ್ಥಾನದ ಅಂಗಳದವರೆಗೆ ಮಧುವಾಹಿನಿ ಹೊಳೆ ಬಂದು ಅವರಿಗೆ ಬೇರೆಯೇ ಕೆಲಸವಿರುತ್ತದೆ. ಒಳ್ಳೆಯ ಕಾಲ ಎಂದರೆ ಆಗಸ್ಟ್ ಕೊನೆಯಿಂದ ಮುಂದೆ, ಸೋಣ ತಿಂಗಳಲ್ಲಿ. ನೀರು ತಿಳಿಯಾಗುತ್ತದೆ, ಬಂಡೆಗಳು ಕಾಣತೊಡಗುತ್ತವೆ, ಮಟ್ಟ ದಿನದಿಂದ ದಿನಕ್ಕೆ ಹೆಚ್ಚು ಬದಲಾಗುವುದಿಲ್ಲ. ಸೇತುವೆಯ ಕಂಬದ ಮೇಲಿನ ಪಾಚಿಯ ಗೆರೆಯನ್ನು ನೋಡಿ ಇಂದು ಇಳಿಯಬಹುದೇ ಬೇಡವೇ ಎಂದು ನಾನು ತೀರ್ಮಾನಿಸುವುದು. ಆಗಲೂ ತಲೆಗೆ ಹೆಲ್ಮೆಟ್, ಎದೆಗೆ ಬಿಗಿಯಾದ ಲೈಫ್ ಜಾಕೆಟ್, ದಡದಲ್ಲಿ ಎಸೆಯುವ ಹಗ್ಗದ ಚೀಲ ಹಿಡಿದ ಒಬ್ಬ ಮನುಷ್ಯ ಬೇಕೇ ಬೇಕು. ಈಜು ಬರುತ್ತದೆ ಎಂಬುದು ಇಲ್ಲಿ ಅರ್ಹತೆ ಅಲ್ಲ. ದೋಣಿಯಿಂದ ಬಿದ್ದರೆ ಸೆಳವಿನಲ್ಲಿ ಎದ್ದು ನಿಲ್ಲಬಾರದು, ಕಾಲು ಬಂಡೆಯ ಸಂದಿಗೆ ಸಿಕ್ಕಿದರೆ ಮೊಣಕಾಲುದ್ದದ ನೀರೂ ಮುಳುಗಿಸುತ್ತದೆ. ಬೆನ್ನ ಮೇಲೆ ತೇಲಿ ಪಾದ ಮುಂದೆ ಮಾಡಿಕೊಂಡು ಹೋಗಬೇಕು. ದೋಣಿಗೂ ಬಂಡೆಗೂ ನಡುವೆ ಮಾತ್ರ ಎಂದೂ ಇರಬಾರದು. ತುಂಬಿದ ದೋಣಿಯ ಗುಣ ಆಗ ಪೂರ್ತಿ ತಿಳಿಯುತ್ತದೆ.

ಹೊರುವ ವಿಷಯದಲ್ಲಿ ಹೆಚ್ಚು ಹೇಳಲಿಕ್ಕಿಲ್ಲ. ಪಾಲಿಥಿಲೀನಿನ ಈ ದೋಣಿಗಳು ಒಳಗಿನ ಸಾಮಾನು ಸೇರಿ ಇಪ್ಪತ್ತು ಕಿಲೋ ದಾಟುತ್ತವೆ, ಒಂದು ಅಡಿ ಉದ್ದ ಕಡಿಮೆಯಾದ ಮಾತ್ರಕ್ಕೆ ಹೆಗಲಿಗೆ ಗೊತ್ತಾಗುವಷ್ಟು ಹಗುರವಾಗುವುದಿಲ್ಲ. ಎರಡೂ ಸಣ್ಣ ಕಾರಿನ ಮೇಲೆ ಹಿಡಿಸುತ್ತವೆ. ಜಾರುವ ಗುಡ್ಡದ ದಾರಿಯಲ್ಲಿ ಹೊಳೆಯಿಂದ ರಸ್ತೆಗೆ ಒಬ್ಬನೇ ಹೊತ್ತು ತರುವಾಗ ಎರಡನ್ನೂ ಬೈದುಕೊಳ್ಳಬೇಕಾಗುತ್ತದೆ. ಹೊರದೇಶದಿಂದ ತರಿಸಿದರೆ ಸಾಗಣೆ, ಸುಂಕ ಎಲ್ಲ ಸೇರಿ ಕೈ ಸುಡುವುದು ಖಚಿತ, ಹಾಗಾಗಿ ಒಂದೇ ದೋಣಿ, ಒಂದೇ ಸಲ. ಒಂದೇ ಎಂದಾದ ಮೇಲೆ ಹೊಳೆಯ ನೂರು ಮೀಟರಿಗೆ ಒಪ್ಪುವುದಕ್ಕಿಂತ ಇಡೀ ಹೊಳೆಗೆ ಒಪ್ಪುವುದೇ ಲೇಸು.

ಆದ್ದರಿಂದ ಅವನಿಗೆ 10.5. ಅವನ ತೂಕಕ್ಕೂ ಸರಿ, ಪಯಸ್ವಿನಿಯ ಸಪಾಟು ನೀರಿಗೂ ಸರಿ. ಘಟ್ಟದ ಬುಡದಲ್ಲಿ, ನೊರೆಯ ಹಿಂದೆ ನೊರೆ ಇರುವಲ್ಲಿ ಮನೆ ಮಾಡಿಕೊಂಡ ಹಗುರ ಮೈಯವನು ಯಾರಾದರೂ ಕೇಳಿದರೆ 9.3 ಎಂದೇ ಹೇಳುತ್ತಿದ್ದೆ. ಹಣ ಕಟ್ಟುವ ಮೊದಲು ಅವನು ಸೋಣದಲ್ಲಿ ಊರಿಗೆ ಬರಲಿ. ನನ್ನ ಹಳೆಯ ದೋಣಿಯನ್ನು ನಮ್ಮ ತೋಟದ ಕೆರೆಯಲ್ಲಿ ಮೇಲಂಚಿನ ತನಕ ತುಂಬಿಸಿ ಕೊಡುತ್ತೇನೆ. ಅದರಲ್ಲಿ ಕೂತು ಈ ದಡದಿಂದ ಆ ದಡಕ್ಕೆ ಹೋಗಿ, ತಿರುಗಿಸಿ, ಮಗುಚದೆ ಹಿಂದೆ ಬರಲಿ. ಗಾಳಿಚೀಲ ಬಿಚ್ಚಿ ಇನ್ನೊಮ್ಮೆ ಹೋಗಲಿ. ಆಮೇಲೂ ಗಿಡ್ಡದ್ದೇ ಬೇಕು ಎಂದರೆ ನನ್ನ ತಕರಾರಿಲ್ಲ.

ಹುಟ್ಟನ್ನು ಮಾತ್ರ ಈಗಲೇ ಕೊಂಡು ಕೈಗೆ ಒಗ್ಗಿಸಿಕೊಳ್ಳಬಹುದು, ಅದಕ್ಕೆ ದೋಣಿಯ ಹಂಗಿಲ್ಲ. ನೊರೆನೀರಿಗೆ ಸಾಮಾನ್ಯವಾಗಿ 56ರಿಂದ 60 ಅಂಗುಲದ ಹುಟ್ಟು ಬಳಸುತ್ತಾರೆ, ಅವನ ಎತ್ತರಕ್ಕೆ 58 ಸಾಕು. ಮೇಲಿನ ಹಿಡಿ ಅಡ್ಡಪಟ್ಟಿಯದೇ ಇರಲಿ, ಗುಂಡು ಹಿಡಿ ಒದ್ದೆ ಕೈಯಲ್ಲಿ ತಿರುಗುತ್ತದೆ.